ಬೇರಿಂಗ್ ಒಂದು ಕಡೆ ಹೋಗಲ್ಲ, ಇನ್ನೊಂದು ಕಡೆ ನಿಲ್ಲಲ್ಲ: ಮಿನಿ ಲೇತ್‌ನಲ್ಲಿ ಶಾಫ್ಟ್ ಮಾಡೋದು ಹೇಗೆ?

ಪ್ರಶ್ನೆ: ಸರ್, ಮನೆ ಗ್ಯಾರೇಜಲ್ಲಿ 7 ಬೈ 14 ಇಂಚಿನ ಮಿನಿ ಲೇತ್ (ಲೋಹದ ಬಾರ್ ತಿರುಗಿಸಿ ಕೊಯ್ಯೋ ಮೆಷಿನ್) ಇಟ್ಕೊಂಡಿದೀನಿ. ಚಾಕು ಮಾಡೋಕೆ ಅಂತ ಬೆಲ್ಟ್ ಗ್ರೈಂಡರ್ ಕಟ್ತಾ ಇದೀನಿ, ಅದಕ್ಕೆ ಎರಡು 6204 ಬೇರಿಂಗ್ (ಒಳತೂತು 20 ಎಂಎಂ) ಮೇಲೆ ಓಡೋ ಶಾಫ್ಟ್ ಬೇಕು. 25 ಎಂಎಂ ಇಎನ್8 ಉಕ್ಕಿನ ಬಾರ್ 160 ಎಂಎಂ ಉದ್ದ ಕಟ್ ಮಾಡಿಸ್ಕೊಂಡು, ಒಂದು ತುದಿ ತ್ರೀ ಜಾ ಚಕ್‌ನಲ್ಲಿ (ಮೂರು ಹಲ್ಲಿನ ಹಿಡಿಕೆ) ಹಿಡಿದು ಇನ್ನೊಂದನ್ನ 20ಕ್ಕೆ ಇಳಿಸಿದೆ, ಆಮೇಲೆ ತಿರುಗಿಸಿ ಹಿಡಿದು ಆ ಕಡೆನೂ ಇಳಿಸಿದೆ. ಈಗ ಒಂದು ಬೇರಿಂಗ್ ತುದೀಲೇ ಸಿಕ್ಕಾಕೊಳ್ಳುತ್ತೆ, ಒಳಗೆ ಹೋಗಲ್ಲ. ಇನ್ನೊಂದು ಮಾಡಿದ ದಿನ ಕರೆಕ್ಟಾಗಿ ಬಿಗಿ ಇತ್ತು, ಬೆಳಗ್ಗೆ ನೋಡಿದ್ರೆ ಬೆರಳಲ್ಲಿ ತಳ್ಳಿದ್ರೆ ಜಾರುತ್ತೆ. ಫಿನಿಶ್ ಅಂತೂ ಹರಿದಾಕಿದ ಹಾಗಿದೆ, ಕಾರ್ಬೈಡ್ ಇನ್ಸರ್ಟ್ ಟೂಲೇ ಬಳಸಿದ್ದು. ನಮ್ಮೂರ ಟರ್ನರ್ ಒಬ್ರು "ಇದು ಆಟದ ಸಾಮಾನು, ಮಾರ್ಬಿಡು" ಅಂದ್ರು. ಮಾರ್ಬಿಡ್ಲಾ?

ಉತ್ತರ: ಮಾರ್ಬೇಡಿ. ನಿಮ್ಮ ಲೇತ್‌ದು ತಪ್ಪಿಲ್ಲ, ಕೈದೂ ತಪ್ಪಿಲ್ಲ, ಕೆಲಸದ ಆರ್ಡರ್ ತಪ್ಪಿದೆ ಅಷ್ಟೆ. ಶಾಫ್ಟ್‌ನ ಕೊನೇ ಕಟ್‌ನಲ್ಲಿ ಹಾಳು ಮಾಡ್ಕೊಂಡಿರೋದಲ್ಲ ಇದು, ಬಾರ್‌ನ ಚಕ್‌ಗೆ ಹಾಕಿದ ಮೊದಲನೇ ನಿಮಿಷದಲ್ಲೇ ಆಗಿಹೋಗಿದೆ, ಹೇಗೆ ಅಂತ ಹೇಳ್ತೀನಿ.

ಮೊದಲು ನಿಮ್ಮೂರ ಟರ್ನರ್ ವಿಷ್ಯ. ಅವರು ಹರಿಹರದ ಮೈಸೂರು ಕಿರ್ಲೋಸ್ಕರ್ ಲೇತೋ ಎಚ್‌ಎಂಟಿ ಎಚ್22ನೋ ಓಡಿಸಿ ಕೈ ಪಳಗಿಸಿಕೊಂಡವರಾಗಿದ್ರೆ ಅವರ ಮಾತು ಅವರ ಮೆಷಿನ್‌ಗೆ ಸರಿ. ಆ ಮೆಷಿನ್‌ಗಳು ಟನ್ ಲೆಕ್ಕದಲ್ಲಿ ತೂಗ್ತವೆ, ಚಕ್‌ನಲ್ಲಿ ಬಾರ್ ಹಿಡಿದು 3 ಎಂಎಂ ಕಟ್ ಕೊಟ್ರೂ ಕಮಕ್ ಕಿಮಕ್ ಅನ್ನಲ್ಲ. ನಿಮ್ಮದು ಇಬ್ರು ಹಿಡಿದು ಟೇಬಲ್ ಮೇಲೆ ಎತ್ತಿಡೋ 40 ಕೆಜಿ ಮೆಷಿನ್. ಅವರು ಹೇಳೋ ಕಟ್, ಸ್ಪೀಡು, ಟೂಲು ಯಾವುದೂ ಇದಕ್ಕೆ ಹೊಂದಲ್ಲ, ಯೂಟ್ಯೂಬಲ್ಲಿ ದೊಡ್ಡ ಲೇತ್ ಮುಂದೆ ನಿಂತು ನೀಲಿ ಸುರುಳಿ ಹಾರಿಸೋರದ್ದೂ ಹೊಂದಲ್ಲ. ಆದ್ರೆ 0.01 ಎಂಎಂ ಒಳಗೆ ಬೇರಿಂಗ್ ಸೀಟ್ (ಬೇರಿಂಗ್ ಕೂರೋ ಜಾಗ) ಮಾಡೋಕೆ ಈ ಚಿಕ್ಕ ಮೆಷಿನ್ ಧಾರಾಳ ಸಾಕು, ಅದಕ್ಕೆ ತಕ್ಕ ಹಾಗೆ ಕೆಲಸ ಜೋಡಿಸ್ಕೋಬೇಕು.

ಈಗ ಬೇರಿಂಗ್ ತುದೀಲೇ ಯಾಕೆ ಸಿಕ್ಕಾಕೊಳ್ತು. ಚಕ್‌ನಿಂದ ಹೊರಗೆ ಚಾಚಿರೋ ಬಾರ್‌ನ ಟೂಲ್ ಹಿಂದಕ್ಕೆ ತಳ್ಳುತ್ತೆ, ಉಕ್ಕು ಬಾಗಲ್ಲ ಅಂತ ನಾವು ಅನ್ಕೊಂಡಿರ್ತೀವಿ ಆದ್ರೆ ಲೆಕ್ಕ ಹಾಕಿ ನೋಡಿ, 20 ಎಂಎಂ ದಪ್ಪದ ಬಾರ್ 100 ಎಂಎಂ ಹೊರಗೆ ಇದ್ದು ಟೂಲ್ ಬರೀ 5 ಕೆಜಿ ಬಲದಲ್ಲಿ ತಳ್ಳಿದ್ರೂ ತುದಿ ಹತ್ರತ್ರ 0.01 ಎಂಎಂ ಹಿಂದೆ ಸರಿಯುತ್ತೆ, ಅಂದ್ರೆ ಡಯಾಮೀಟರ್‌ನಲ್ಲಿ 0.02 ಹೆಚ್ಚು ಉಳ್ಕೊಳ್ಳುತ್ತೆ. ಇದು ಬರೀ ಬಾರ್ ಬಾಗಿದ್ದು, ಮಿನಿ ಲೇತ್‌ನ ಚಕ್ಕು, ಸ್ಪಿಂಡಲ್ಲು, ಟೂಲ್ ಪೋಸ್ಟು ಎಲ್ಲಾ ಸ್ವಲ್ಪ ಸ್ವಲ್ಪ ಬಾಗೋದನ್ನ ಇನ್ನೂ ಸೇರಿಸಿಲ್ಲ. ಉದ್ದ ಎರಡರಷ್ಟಾದ್ರೆ ಬಾಗೋದು ಎಂಟರಷ್ಟು, ಆದ್ದರಿಂದ ಚಕ್ ಹತ್ರ ಸೈಜ್ ಸರಿ ಬರುತ್ತೆ ತುದೀಲಿ ದಪ್ಪ ಉಳಿಯುತ್ತೆ, ಬೇರಿಂಗ್ ಮೊದಲು ಮುಟ್ಟೋದು ಆ ತುದೀನೇ ಅಲ್ವಾ. 6204 ಒಳಗಿನ ತೂತು 20 ಎಂಎಂ ಅಂತಾರೆ, ನಾರ್ಮಲ್ ಕ್ಲಾಸ್ ಬೇರಿಂಗ್‌ನಲ್ಲಿ ಅದು 20.000ರಿಂದ 19.990 ಒಳಗೆ ಎಲ್ಲಾದ್ರೂ ಇರುತ್ತೆ, ಮೇಲೆ ಹೋಗಲ್ಲ. ನಿಮ್ಮ ತುದಿ 20.02 ಇದ್ರೆ ಅದು ಹೋಗೋ ಮಾತೇ ಇಲ್ಲ.

ಇನ್ನೊಂದು ಕಡೆದು ರಾತ್ರಿ ಕಳೆದು ಬೆಳಗ್ಗೆ ಸಡಿಲ ಆಗಿದ್ದಕ್ಕೆ ಬಿಸಿ ಕಾರಣ. 20 ಎಂಎಂ ಉಕ್ಕು 40 ಡಿಗ್ರಿ ಹೆಚ್ಚು ಬಿಸಿ ಆದ್ರೆ ಡಯಾ ಹತ್ತಿರ ಹತ್ತಿರ 0.01 ಎಂಎಂ ಊದಿಕೊಳ್ಳುತ್ತೆ. ಕಟ್ ಮಾಡಿದ ತಕ್ಷಣ ಮುಟ್ಟಿದ್ರೆ ಕೈ ಸುಡುತ್ತಲ್ಲ, ಆಗ ನೀವು ಅಳೆದು ಸೈಜ್ ಬಂತು ಅಂತ ನಿಲ್ಲಿಸಿದೀರ, ಆರಿದ ಮೇಲೆ ಅದು 0.01 ಸಣ್ಣ ಆಯ್ತು. ಬೇರಿಂಗ್ ಫಿಟ್‌ನಲ್ಲಿ 0.01 ಅಂದ್ರೆ ಇರೋ ಜಾಗನೇ ಅಷ್ಟು. ಹಾಗಾಗಿ ಕೊನೇ ಕಟ್‌ಗೆ ಮೊದಲು ಕೆಲಸ ಪೂರ್ತಿ ಆರ್ಬೇಕು. ಟೀ ಕುಡ್ಕೊಂಡು ಬನ್ನಿ, ಅರ್ಧ ಗಂಟೆ ಬಿಡಿ, ಪರವಾಗಿಲ್ಲ. ಅರ್ಜೆಂಟ್ ಇದ್ರೆ ಕೂಲಂಟ್ ಸುರಿದು ತಣ್ಣಗೆ ಮಾಡಿ, ಚಕ್ಕಿನ ಟೆಂಪರೇಚರ್‌ಗೆ ಬಂತಾ ಅಂತ ಕೈಯಲ್ಲಿ ಮುಟ್ಟಿ ನೋಡಿ.

ನೀವು ಬರೀದೇ ಇರೋ ಮೂರನೇ ಪ್ರಾಬ್ಲಂ ಒಂದಿದೆ, ಅದು ಇವೆರಡಕ್ಕಿಂತ ಕೆಟ್ಟದ್ದು. ತ್ರೀ ಜಾ ಚಕ್‌ನಲ್ಲಿ ತಿರುಗಿಸಿ ಹಿಡಿದಾಗ ಬಾರ್ ಮತ್ತೆ ಅದೇ ಸೆಂಟರ್‌ಗೆ ಬರಲ್ಲ, ಮಿನಿ ಲೇತ್ ಜೊತೆ ಬರೋ ಚಕ್‌ಗಳಲ್ಲಿ 0.05ರಿಂದ 0.1 ಎಂಎಂ ರನೌಟ್ (ಸೆಂಟರ್ ತಪ್ಪಿ ಓಲಾಡೋದು) ಮಾಮೂಲಿ. ಅಂದ್ರೆ ನಿಮ್ಮ ಎರಡು ಸೀಟು ಒಂದೇ ಲೈನಲ್ಲಿ ಇಲ್ಲ. ಎರಡೂ ಕಡೆ ಸೈಜ್ ಬಂಗಾರದ ಹಾಗೆ ಬಂದಿದ್ರೂ ಗ್ರೈಂಡರ್ ಓಡಿಸಿದಾಗ ಬೆಲ್ಟ್ ನಡುಗ್ತಿತ್ತು, ಚಾಕು ಮೇಲೆ ಗೀರು ಬೀಳ್ತಿತ್ತು, ನೀವು ಮೋಟರ್ ಸರಿ ಇಲ್ಲ ಅಂತ ಮೋಟರ್ ಬದಲಾಯಿಸ್ತಿದ್ರಿ. ಈ ಶಾಫ್ಟ್‌ನ ಪಕ್ಕಕ್ಕೆ ಇಡಿ. ಬಾರ್‌ಗೆ ದುಡ್ಡು ಹೋಗಿದ್ದು ಕಡಿಮೆನೇ, ಇದೇ ಪೀಸ್‌ನ ಪಾರ್ಟಿಂಗ್ (ತುಂಡು ಕತ್ತರಿಸೋ) ಪ್ರಾಕ್ಟೀಸ್‌ಗೆ ಬಳಸಿ.

ಹೊಸ ಬಾರ್ ತರುವಾಗ 25 ಬೇಡ, 28 ಅಥವಾ 30 ಎಂಎಂ ತಗೊಳ್ಳಿ. 25ರಲ್ಲಿ ಬೇರಿಂಗ್ ಒರಗೋ ಶೋಲ್ಡರ್ (ಮೆಟ್ಟಿಲು) ಒಂದು ಕಡೆ ಬರೀ 2.5 ಎಂಎಂ ಸಿಗುತ್ತೆ, ಅದರಲ್ಲಿ 1 ಎಂಎಂ ಬೇರಿಂಗ್‌ನ ಮೂಲೆ ರೇಡಿಯಸ್‌ಗೇ ಹೋಗ್ಬಿಡುತ್ತೆ, ಉಳಿದದ್ದು ಸಾಲಲ್ಲ ಅಂತಲ್ಲ, ತೀರಾ ಟೈಟ್. ಇಎನ್8 ಒಳ್ಳೇ ಆಯ್ಕೆ, 0.4 ಪರ್ಸೆಂಟ್ ಕಾರ್ಬನ್ ಇರೋ ಉಕ್ಕು, ಗ್ರೈಂಡರ್ ಶಾಫ್ಟ್‌ಗೆ ಬೇಕಾದಷ್ಟಾಯ್ತು. ಕಲಿಯೋಕೆ ಇನ್ನೂ ಸುಲಭ ಬೇಕು ಅಂದ್ರೆ ಇಎನ್1ಎ ಸಿಕ್ಕಿದ್ರೆ ತನ್ನಿ, ಅದು ಬೇಗ ಕಟ್ ಆಗ್ಲಿ ಅಂತಲೇ ಮಾಡಿರೋ ಉಕ್ಕು, ಫಿನಿಶ್ ತಾನಾಗೇ ಬರುತ್ತೆ. ಮನೆ ಕಟ್ಟಿದ್ದು ಉಳಿದಿದೆ ಅಂತ ಟಿಎಂಟಿ ಕಂಬಿ ಮಾತ್ರ ಹಾಕ್ಬೇಡಿ, ಅದರ ಹೊರಪದರ ಗಟ್ಟಿ ಒಳಗೆ ಮೆತ್ತಗೆ, ಟೂಲ್ ಮೊನೆ ಹೋಗುತ್ತೆ.

ಈಗ ಅಸಲಿ ವಿಷ್ಯ. ಇದನ್ನ ಬಿಟ್ವೀನ್ ಸೆಂಟರ್ಸ್ ಮಾಡಿ, ಅಂದ್ರೆ ಚಕ್‌ನಲ್ಲಿ ಹಿಡಿಯೋದೇ ಬೇಡ, ಎರಡು ತುದೀಲೂ ಸೆಂಟರ್ ತೂತು ಹಾಕಿ ಎರಡು ಮೊನೆ ಮಧ್ಯೆ ಕೂರಿಸಿ ತಿರುಗಿಸೋದು. ಹಳೇ ಪದ್ಧತಿ, ಈಗಿನ ಹುಡುಗರು ಇದನ್ನ ಐಟಿಐ ಪುಸ್ತಕದಲ್ಲಿ ಬಿಟ್ಟು ಬೇರೆಲ್ಲೂ ನೋಡಿರಲ್ಲ, ಆದ್ರೆ ಶಾಫ್ಟ್ ಕೆಲಸಕ್ಕೆ ಮನೆ ಲೇತ್‌ನಲ್ಲಿ ಇದಕ್ಕಿಂತ ಒಳ್ಳೇ ದಾರಿ ನಂಗೊತ್ತಿಲ್ಲ. ಇದರಲ್ಲಿ ಬಾರ್ ಎರಡೂ ಕಡೆ ಆಧಾರ ಇರೋದ್ರಿಂದ ಬಾಗೋದು ಸಿಕ್ಕಾಪಟ್ಟೆ ಕಡಿಮೆ, ಅದೇ 5 ಕೆಜಿ ಬಲಕ್ಕೆ ಮಧ್ಯದಲ್ಲಿ 0.003ನೂ ದಾಟಲ್ಲ. ಇನ್ನೊಂದು ಲಾಭ, ಎಷ್ಟು ಸಲ ಬಿಚ್ಚಿ ತಿರುಗಿಸಿ ಹಾಕಿದ್ರೂ ಅದೇ ಎರಡು ತೂತಿನ ಮೇಲೆ ಕೂರೋದು, ಹಾಗಾಗಿ ಎರಡು ಸೀಟೂ ಒಂದೇ ಸೆಂಟರ್‌ಗೆ ಬರುತ್ತೆ. ಬೇರಿಂಗ್ ತಂದು ಹಾಕಿ ನೋಡ್ಬೇಕಾ, ಬಿಚ್ಚಿ, ನೋಡಿ, ಮತ್ತೆ ಹಾಕಿ, ಏನೂ ಹೋಗಲ್ಲ.

ಹೆಡ್‌ಸ್ಟಾಕ್ (ಚಕ್ ಇರೋ) ಕಡೆ ಮೊನೆಗೆ ಏನೂ ಖರೀದಿ ಬೇಡ. ಚಕ್‌ನಲ್ಲಿ ಒಂದು ತುಂಡು ಎಂಎಸ್ (ಮೆತ್ತನೆ ಉಕ್ಕು) ಬಾರ್ ಹಿಡಿದು, ಕಾಂಪೌಂಡ್‌ನ (ಟೂಲ್ ಹೊತ್ತಿರೋ, ಕೋನಕ್ಕೆ ತಿರುಗೋ ಮೇಲಿನ ಸ್ಲೈಡ್) 30 ಡಿಗ್ರಿಗೆ ತಿರುಗಿಸಿ, 60 ಡಿಗ್ರಿ ಮೊನೆ ಅಲ್ಲೇ ಟರ್ನ್ ಮಾಡಿ. ಮೆಷಿನ್ ಮೇಲೇ ಮಾಡಿದ್ದರಿಂದ ಚಕ್ ಎಷ್ಟೇ ಕೆಟ್ಟದಿದ್ರೂ ಆ ಮೊನೆ ಪಕ್ಕಾ ಸೆಂಟರಲ್ಲಿ ಇರುತ್ತೆ. ಆದ್ರೆ ಕೆಲಸ ಮುಗಿಯೋ ತನಕ ಅದನ್ನ ಚಕ್‌ನಿಂದ ತೆಗಿಯೋ ಹಾಗಿಲ್ಲ, ತೆಗೆದ್ರೆ ಮತ್ತೆ ಹಾಕಿದಾಗ ಇನ್ನೊಂದು ಸಲ ಸವರಿಕೊಳ್ಳಬೇಕು. ಬಾರ್ ತಿರುಗಿಸೋಕೆ ಒಂದು ಕ್ಯಾರಿಯರ್ ಬೇಕು, ಅಂಗಡೀಲಿ ಲೇತ್ ಡಾಗ್ ಅಂತ ಸಿಗುತ್ತೆ, ಇಲ್ಲಾಂದ್ರೆ ದಪ್ಪ ಕಾಲರ್‌ಗೆ ನಟ್ ವೆಲ್ಡ್ ಮಾಡಿ ಬೋಲ್ಟ್ ಹಾಕಿ, ಅದರ ಬಾಲ ಚಕ್‌ನ ಹಲ್ಲಿಗೆ ತಗುಲಿ ತಳ್ಳಿದ್ರೆ ಆಯ್ತು. ಟೇಲ್‌ಸ್ಟಾಕ್‌ಗೆ (ಎದುರು ತುದಿಯ ಆಧಾರ) ರಿವಾಲ್ವಿಂಗ್ ಸೆಂಟರ್ (ಬಾರ್ ಜೊತೆ ತಿರುಗೋ ಮೊನೆ), ಮಿನಿ ಲೇತ್‌ನಲ್ಲಿ ಅದು ಎಂಟಿ2 ಅನ್ನೋ ಸೈಜಿನ ಟೇಪರ್.

ಚಕ್‌ನಲ್ಲಿ ಆ ಮೊನೆ ಮಾಡೋಕೆ ಮೊದಲೇ ಬಾರ್‌ನ ಚಕ್‌ನಲ್ಲಿ ಹಿಡಿದು ಸೆಂಟರ್ ತೂತು ಹಾಕ್ಕೋಬೇಕು, ಅದರಲ್ಲಿ ಒಂದು ತೊಡಕಿದೆ. ನಿಮ್ಮ ಲೇತ್‌ನ ಸ್ಪಿಂಡಲ್ ತೂತು ಸಾಮಾನ್ಯವಾಗಿ 20 ಎಂಎಂ, 28ರ ಬಾರ್ ಅದರೊಳಗೆ ಹೋಗಲ್ಲ, ಹಾಗಾಗಿ ಬಾರ್ ಪೂರ್ತಿ ಹೊರಗೇ ನೇತಾಡುತ್ತೆ. ಸ್ಟೆಡಿ ರೆಸ್ಟ್ (ಹೊರಗೆ ಚಾಚಿದ ಬಾರ್‌ಗೆ ಆಧಾರ) ಇದ್ರೆ ಹಾಕ್ಕೊಳ್ಳಿ. ಇಲ್ಲಾಂದ್ರೂ ಚಿಂತೆ ಇಲ್ಲ, ಫೇಸಿಂಗ್ (ತುದಿ ಸಪಾಟು ಮಾಡೋದು) 0.2ಕ್ಕಿಂತ ಹೆಚ್ಚು ಕಟ್ ಕೊಡದೆ ನಿಧಾನಕ್ಕೆ ಮಾಡಿ ಸೆಂಟರ್ ಡ್ರಿಲ್ ಹಾಕಿ, ತೂತು ಸ್ವಲ್ಪ ಆಚೀಚೆ ಆದ್ರೂ ಮುಂದೆ ಇಡೀ ಬಾರ್ ಆ ತೂತುಗಳಿಗೇ ಟರ್ನ್ ಆಗೋದು, 28ರ ಬಾರ್‌ನಲ್ಲಿ ಅಷ್ಟು ಮಾಲು ಹೆಚ್ಚಿಗೆ ಇದೆ. ದಪ್ಪ ಬಾರ್ ತಗೊಳ್ಳಿ ಅಂದಿದ್ದಕ್ಕೆ ಇದೂ ಒಂದು ಕಾರಣ.

ಶೋಲ್ಡರ್ ಮಾಡೋಕೆ ಮೊದಲು, ಬಾರ್ ಇನ್ನೂ ಸಪಾಟಾಗಿ ಇರುವಾಗಲೇ, ಕ್ಯಾರಿಯರ್ ತನಕ ಉದ್ದಕ್ಕೂ ಒಂದು ಸಣ್ಣ ಕಟ್ ಓಡಿಸಿ ಎರಡು ತುದೀಲೂ ಮೈಕ್ರೋಮೀಟರ್ ಇಟ್ಟು ನೋಡಿ. ಟೇಲ್‌ಸ್ಟಾಕ್ ಕಡೆ ದಪ್ಪ ಬಂದ್ರೆ ಟೇಲ್‌ಸ್ಟಾಕ್ ನಿಮ್ಮಿಂದ ದೂರ ಇದೆ ಅಂತ ಅರ್ಥ, ವ್ಯತ್ಯಾಸದ ಅರ್ಧದಷ್ಟು ನಿಮ್ಮ ಕಡೆಗೆ ಎಳೀಬೇಕು. 0.06 ವ್ಯತ್ಯಾಸ ಇದ್ರೆ 0.03 ಎಳೀರಿ. ಸಣ್ಣ ಬಂದ್ರೆ ಉಲ್ಟಾ. ಡಯಲ್ ಗೇಜ್ ಟೇಲ್‌ಸ್ಟಾಕ್‌ನ ಕ್ವಿಲ್‌ಗೆ (ಸೆಂಟರ್ ಕೂರೋ ಕೊಳವೆ) ತಾಗಿಸಿಟ್ಟು ಎಷ್ಟು ಸರೀತು ಅಂತ ನೋಡ್ಕೊಂಡು ಮಾಡಿ, ಅಂದಾಜಲ್ಲಿ ಸುತ್ತಿಗೆ ತಟ್ಟಿದ್ರೆ ಸಂಜೆ ತನಕ ತಟ್ತಾನೇ ಇರ್ತೀರ. ಈ ಮಿನಿ ಲೇತ್‌ಗಳಲ್ಲಿ ಅದರ ಸ್ಕ್ರೂ ಟೇಲ್‌ಸ್ಟಾಕ್‌ನ ಅಡಿಗೆ ಎಲ್ಲೋ ಇಟ್ಟಿರ್ತಾರೆ, ಯಾರು ಡಿಸೈನ್ ಮಾಡಿದ್ರೋ ಅವರ ಕೈಲೇ ಒಂದ್ಸಲ ಅಡ್ಜಸ್ಟ್ ಮಾಡಿಸ್ಬೇಕು ಅನ್ಸುತ್ತೆ. 160 ಎಂಎಂ ಉದ್ದದಲ್ಲಿ 0.01 ಒಳಗೆ ಬಂದ್ರೆ ಸಾಕು, 14 ಎಂಎಂ ಅಗಲದ ಸೀಟಿಗೆ ಅದರಿಂದ ಒಂದು ಮೈಕ್ರಾನ್ ಟೇಪರ್ ಬಂದ್ರೆ ಹೆಚ್ಚು.

ಆಮೇಲೆ ರಫಿಂಗ್, ಅಂದ್ರೆ ಒರಟಾಗಿ ಇಳಿಸೋದು. ಎರಡೂ ಕಡೆ 21ರ ತನಕ ಇಳಿಸಿ ನಿಲ್ಲಿಸಿ. ಒಂದು ಕಡೆ ಫಿನಿಶ್ ಮಾಡಿ ಇನ್ನೊಂದು ಕಡೆ ಶುರು ಮಾಡೋದು ಬೇಡ, ಯಾಕಂದ್ರೆ ಬ್ರೈಟ್ ಬಾರ್ ಎಳೆದು ಮಾಡಿರೋದು, ಅದರ ಚರ್ಮದಲ್ಲಿ ಒತ್ತಡ ಇರುತ್ತೆ, ಚರ್ಮ ತೆಗೆದ ಹಾಗೆ ಬಾರ್ ಸ್ವಲ್ಪ ಡೊಂಕಾಗುತ್ತೆ. ಎರಡೂ ಕಡೆ ರಫ್ ಆಗ್ಲಿ, ಆರ್ಲಿ, ಸೆಂಟರ್ ತೂತು ಒರೆಸಿ ಒಂದು ತೊಟ್ಟು ಎಣ್ಣೆ ಬಿಟ್ಟು ಮತ್ತೆ ಕೂರಿಸಿ, ಆಗ ಫಿನಿಶಿಂಗ್.

ಫಿನಿಶ್ ಹರಿದು ಬಂದಿದ್ದು ಇನ್ಸರ್ಟ್‌ನಿಂದ. ಕಾರ್ಬೈಡ್ ಕೆಟ್ಟದ್ದು ಅಂತಲ್ಲ, ನೀವು ಹಾಕಿರೋದು ಬಹುಶಃ ಸಿಸಿಎಂಟಿ ಥರದ್ದು, ಅದರ ಅಂಚನ್ನ ಬೇಕಂತಲೇ ಸ್ವಲ್ಪ ದುಂಡು ಮಾಡಿರ್ತಾರೆ, ದೊಡ್ಡ ಮೆಷಿನ್‌ನಲ್ಲಿ ಜೋರು ಕಟ್‌ಗೆ ಒಡೀದೇ ಇರ್ಲಿ ಅಂತ. ಅದಕ್ಕೆ ನೀವು 0.02 ಕಟ್ ಕೊಟ್ರೆ ಅದು ಕೊಯ್ಯಲ್ಲ, ಮೊಂಡ ಈಳಿಗೆಮಣೆ ಮೇಲೆ ಟೊಮೆಟೊ ಒತ್ತಿದ ಹಾಗೆ, ಒತ್ತಿ ಒತ್ತಿ ಕೊನೆಗೆ ಒಂದ್ಸಲ ಕಚ್ಚಿ ಬೇಕಾದ್ದಕ್ಕಿಂತ ಹೆಚ್ಚು ತೆಗೆದುಬಿಡುತ್ತೆ. ಅದರ ಜೊತೆ ಸ್ಪೀಡ್ ಕಡಿಮೆ ಇದ್ರೆ ಉಕ್ಕಿನ ಚೂರು ಟೂಲ್ ಮೊನೆಗೆ ಅಂಟಿಕೊಂಡು ಅದೇ ಕಟ್ ಮಾಡೋಕೆ ಶುರು ಮಾಡುತ್ತೆ, ಹರಿದ ಫಿನಿಶ್ ಅಂದ್ರಲ್ಲ ಅದು ಇದೇ. ಕಾರ್ಬೈಡ್‌ನಲ್ಲೇ ಮಾಡ್ಬೇಕು ಅಂದ್ರೆ ಸಿಸಿಜಿಟಿ ತಗೊಳ್ಳಿ, ಅಲ್ಯುಮಿನಿಯಂಗೆ ಅಂತ ಮಾರೋದು, ಅಂಚು ರೇಜರ್ ಥರ ಚೂಪು, ಚಿಕ್ಕ ಕಟ್‌ಗೆ ಉಕ್ಕಿನ ಮೇಲೂ ಚೆನ್ನಾಗಿ ನಡೆಯುತ್ತೆ, ಬೇಗ ಸವೆಯುತ್ತೆ ಅಷ್ಟೆ.

ನನ್ನ ಕೇಳಿದ್ರೆ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್). ಒಂದು ಮಿರಾಂಡಾ ಕಂಪನಿ ಟೂಲ್ ಬಿಟ್ ತಂದು ಬೆಂಚ್ ಗ್ರೈಂಡರ್‌ನಲ್ಲಿ ಸಾಣೆ ಹಿಡೀರಿ. ಮುಂದೆ ಮತ್ತೆ ಪಕ್ಕ 8ರಿಂದ 10 ಡಿಗ್ರಿ ಕ್ಲಿಯರೆನ್ಸ್, ಮೇಲೆ 12-14 ಡಿಗ್ರಿ ಇಳಿಜಾರು, ಮೂಗನ್ನ ಎಣ್ಣೆ ಕಲ್ಲಲ್ಲಿ ಉಜ್ಜಿ ಅರ್ಧ ಎಂಎಂ ರೇಡಿಯಸ್. ಡಿಗ್ರಿ ಅಳೆಯೋಕೆ ಕೂರ್ಬೇಡಿ, ಹತ್ತಿರ ಬಂದ್ರೆ ಸಾಕು, ಎಣ್ಣೆ ಕಲ್ಲಲ್ಲಿ ಉಜ್ಜೋದನ್ನ ಮಾತ್ರ ಬಿಡ್ಬೇಡಿ, ಗ್ರೈಂಡರ್‌ನಿಂದ ನೇರ ಬಂದ ಅಂಚು ಗರಗಸ ಥರ ಇರುತ್ತೆ. ಸ್ಪೀಡ್‌ಗೆ ಒಂದು ಸುಲಭ ಲೆಕ್ಕ, ಎಚ್‌ಎಸ್‌ಎಸ್ ಟೂಲ್, ಇಎನ್8 ಅಂದ್ರೆ ನಿಮಿಷಕ್ಕೆ 25 ಮೀಟರ್, ಅದನ್ನ 320ರಿಂದ ಗುಣಿಸಿ ಡಯಾದಿಂದ ಭಾಗಿಸಿ, 20 ಎಂಎಂಗೆ 400 ಆರ್‌ಪಿಎಂ. ಸೊಲ್ಯೂಬಲ್ ಆಯಿಲ್ ಇಲ್ಲದಿದ್ರೆ ಕಟಿಂಗ್ ಆಯಿಲ್ ಬ್ರಷ್‌ನಲ್ಲಿ ಹಚ್ತಾ ಇರಿ. ಫೀಡ್ (ಟೂಲ್ ಉದ್ದಕ್ಕೆ ಸಾಗೋದು) ಕೈಯಲ್ಲಿ ಬೇಡ, ಆಟೋ ಹಾಕಿ, ಎಷ್ಟು ಸಣ್ಣದು ಸಿಗುತ್ತೋ ಅಷ್ಟು. ಕಾಂಪೌಂಡ್ ಉಪಯೋಗಿಸದೇ ಇದ್ದಾಗ ಅದರ ಗಿಬ್ (ಸ್ಲೈಡ್ ಪಕ್ಕದ ಪಟ್ಟಿ) ಬಿಗಿ ಮಾಡಿಡಿ, ಮಿನಿ ಲೇತ್‌ನಲ್ಲಿ ಅಲುಗಾಡೋ ಜಾಗಗಳಲ್ಲಿ ಅದು ನಂಬರ್ ಒನ್.

ಟೂಲ್ ಎತ್ತರ ನೋಡೋಕೆ ಬಾರ್‌ಗೂ ಟೂಲ್ ಮೊನೆಗೂ ಮಧ್ಯೆ ಒಂದು ತೆಳು ಸ್ಟೀಲ್ ಸ್ಕೇಲ್ ಇಟ್ಟು ಹಗುರಾಗಿ ಒತ್ತಿ. ಸ್ಕೇಲ್ ನೆಟ್ಟಗೆ ನಿಂತ್ರೆ ಸೆಂಟರ್ ಸರಿ. ಮೇಲಿನ ತುದಿ ನಿಮ್ಮ ಕಡೆ ವಾಲಿದ್ರೆ ಟೂಲ್ ಕೆಳಗಿದೆ, ಆ ಕಡೆ ವಾಲಿದ್ರೆ ಮೇಲಿದೆ.

ಈಗ ಕೊನೇ ಕಟ್‌ಗಳು, ಎಲ್ಲರೂ ಎಡವೋದು ಇಲ್ಲೇ. ಸೈಜ್ ಹತ್ತಿರ ಬಂತು ಅಂತ ಭಯ ಆಗಿ 0.1, ಆಮೇಲೆ 0.05, ಆಮೇಲೆ 0.02, ಆಮೇಲೆ 0.01 ಹೀಗೆ ಕಟ್ ಕಡಿಮೆ ಮಾಡ್ಕೊಂಡು ಹೋಗ್ತಾರೆ. ಹಾಗೆ ಮಾಡಿದ್ರೆ ಪ್ರತಿ ಕಟ್‌ನಲ್ಲೂ ಮೆಷಿನ್ ಬಾಗೋದು ಬೇರೆ ಬೇರೆ, ಡಯಲ್ ಹೇಳಿದ್ದಕ್ಕೂ ಮೈಕ್ರೋಮೀಟರ್ ಹೇಳೋದಕ್ಕೂ ಸಂಬಂಧನೇ ಇರಲ್ಲ. ಕೊನೇ ಮೂರು ಕಟ್ ಒಂದೇ ಸಮ ಇರ್ಲಿ. 20.30ಕ್ಕೆ ಬಂದು ನಿಲ್ಲಿಸಿ, ಪೂರ್ತಿ ಆರಿಸಿ, ಡಯಾದಲ್ಲಿ 0.10 ಕೊಟ್ಟು ಒಂದು ಕಟ್, ಅಳೀರಿ. ಮತ್ತೆ 0.10, ಅಳೀರಿ. ಈಗ ನಿಮಗೆ ಗೊತ್ತು, ಡಯಲ್‌ನಲ್ಲಿ 0.10 ಅಂದ್ರೆ ಈ ಟೂಲು, ಈ ಬಾರು, ಈ ಫೀಡ್‌ಗೆ ನಿಜವಾಗಿ ಎಷ್ಟು ಹೋಗುತ್ತೆ ಅಂತ, 0.094 ಇರಬಹುದು 0.102 ಇರಬಹುದು. ಅದರ ಪ್ರಕಾರ ಮೂರನೇದನ್ನ ಒಂದು ಚೂರು ಸರಿಪಡಿಸಿ ಕೊಟ್ಟುಬಿಡಿ. ಒಂದೇ ಸಲಕ್ಕೆ ಸೈಜಿಗೆ ಬಂದು ಕೂರುತ್ತೆ. ಕ್ರಾಸ್ ಸ್ಲೈಡ್‌ನ (ಟೂಲ್‌ನ ಒಳಗೆ ಹೊರಗೆ ಒಯ್ಯೋದು) ಯಾವಾಗ್ಲೂ ಒಳಗೆ ಹೋಗೋ ದಿಕ್ಕಲ್ಲೇ ನಿಲ್ಲಿಸಿ, ಹೆಚ್ಚಾಯ್ತು ಅಂತ ಬರೀ ಒಂದು ಗೆರೆ ಹಿಂದೆ ತಿರುಗಿಸಿದ್ರೆ ಬ್ಯಾಕ್‌ಲ್ಯಾಶ್‌ನಲ್ಲಿ (ಸ್ಕ್ರೂನ ಸಡಿಲ) ಏನೂ ಸರಿಯಲ್ಲ, ಅರ್ಧ ಸುತ್ತು ಹಿಂದೆ ಬಂದು ಮತ್ತೆ ಮುಂದೆ ಹೋಗಿ.

ಡಯಲ್ ಬಗ್ಗೆ ಒಂದು ಮಾತು. ಎಷ್ಟೋ ಮಿನಿ ಲೇತ್‌ಗಳಲ್ಲಿ ಕ್ರಾಸ್ ಸ್ಲೈಡ್‌ನ ಒಂದು ಗೆರೆ 0.025, ಅದೂ ಟೂಲ್ ಸರಿಯೋ ದೂರ, ಡಯಾದಲ್ಲಿ ಅದು 0.05 ಆಗುತ್ತೆ. ಇಷ್ಟು ಒರಟು ಗೆರೆ ಇಟ್ಕೊಂಡು 0.01 ಹಿಡಿಯೋದು ಕಷ್ಟ, ಅದಕ್ಕೆ ಹಳೇ ಉಪಾಯ ಒಂದಿದೆ. ಕಾಂಪೌಂಡ್‌ನ ಬೆಡ್‌ನ ಉದ್ದಕ್ಕೆ ಸಮಾನಾಂತರ ಇಟ್ಟು ಅಲ್ಲಿಂದ 5.7 ಡಿಗ್ರಿ ಒಳಗೆ ತಿರುಗಿಸಿ. ಈಗ ಕಾಂಪೌಂಡ್ 0.1 ಓಡಿದ್ರೆ ಟೂಲ್ ಒಳಗೆ ಹೋಗೋದು 0.01 ಮಾತ್ರ. ಉದ್ದಕ್ಕೂ ಸ್ವಲ್ಪ ಸರಿಯುತ್ತೆ, ಹಾಗಾಗಿ ಶೋಲ್ಡರ್‌ಗೆ ಗುದ್ದದ ಹಾಗೆ ಕ್ಯಾರೇಜ್ ಸ್ಟಾಪ್ (ಟೂಲ್ ಸಾಗೋದಕ್ಕೆ ತಡೆ) ಮೊದಲೇ ಒಂದಿಷ್ಟು ಬಿಟ್ಟು ಇಟ್ಕೊಳ್ಳಿ. ಕಟ್ ಕೊಡೋ ಹೊತ್ತಿಗೆ ಕ್ರಾಸ್ ಸ್ಲೈಡ್ ಲಾಕ್ ಮಾಡಿ.

ಅಳೆಯೋಕೆ ವರ್ನಿಯರ್ ಸಾಲಲ್ಲ, ಡಿಜಿಟಲ್ ಅಂತ ಪರದೆ ಮೇಲೆ 0.01 ತೋರಿಸಿದ್ರೂ ಸಾಲಲ್ಲ, ಒತ್ತೋ ಕೈ ಮೇಲೆ 0.03 ಬದಲಾಗುತ್ತೆ. 0-25 ಮೈಕ್ರೋಮೀಟರ್ ಒಂದು ತಗೊಳ್ಳಿ, ಸೆಕೆಂಡ್ ಹ್ಯಾಂಡ್ ಆದ್ರೂ ಪರವಾಗಿಲ್ಲ, ಝೀರೋ ನೋಡ್ಕೊಂಡು ತನ್ನಿ.

ಎಷ್ಟಕ್ಕೆ ನಿಲ್ಲಿಸ್ಬೇಕು? ಗ್ರೈಂಡರ್‌ನಲ್ಲಿ ಶಾಫ್ಟ್ ಜೊತೆ ಒಳಗಿನ ರಿಂಗ್ ತಿರುಗುತ್ತೆ, ಆದ್ರಿಂದ ಒಳಗಿನ ರಿಂಗ್ ಬಿಗಿ ಇರ್ಬೇಕು, ಹೊರಗಿನ ರಿಂಗ್ ಹೌಸಿಂಗ್‌ನಲ್ಲಿ (ಬೇರಿಂಗ್ ಕೂರೋ ಗೂಡು) ಕೈಯಲ್ಲಿ ತಳ್ಳಿದ್ರೆ ಜಾರೋ ಹಾಗೆ ಇರ್ಬೇಕು. ಪುಸ್ತಕದ ಪ್ರಕಾರ 20 ಎಂಎಂ ಶಾಫ್ಟ್‌ಗೆ ಕೆ6 ಅನ್ನೋ ಫಿಟ್ ಅಂದ್ರೆ 20.002ರಿಂದ 20.015, ಜೆ6 ಅಂದ್ರೆ 19.996ರಿಂದ 20.009. ಮನೆ ಗ್ರೈಂಡರ್‌ಗೆ 20.000 ಮತ್ತೆ 20.008ರ ಮಧ್ಯೆ ಹಿಡೀರಿ. ಒಂದೆರಡು ಮೈಕ್ರಾನ್ ಹೆಚ್ಚು ಉಳಿದ್ರೆ 400 ನಂಬರ್ ಎಮರಿಯಲ್ಲಿ ತೆಗೀಬಹುದು, ಆದ್ರೆ ಎಮರಿನ ಬಾರ್‌ಗೆ ಸುತ್ತಿ ಎರಡು ತುದಿ ಬೆರಳಿಗೆ ಸಿಗಿಸ್ಕೊಂಡು ಹಿಡಿಯೋದು ಯಾರು ಮಾಡಿ ತೋರಿಸಿದ್ರೂ ನೀವು ಮಾಡ್ಬೇಡಿ, ಬೆರಳು ಎಳ್ಕೊಂಡು ಹೋಗುತ್ತೆ. ಚಪ್ಪಟೆ ಫೈಲ್ ಮೇಲೆ ಎಮರಿ ಇಟ್ಟು ಒತ್ತಿ. ಗ್ಲೌಸ್ ಬೇಡ, ಪಂಚೆ, ಲುಂಗಿ, ಉದ್ದ ತೋಳಿನ ಶರ್ಟು, ಕತ್ತಲ್ಲಿ ನೇತಾಡೋ ಚೈನು ಯಾವುದೂ ಬೇಡ. ಬಿಟ್ವೀನ್ ಸೆಂಟರ್ಸ್‌ನಲ್ಲಿ ಆ ಕ್ಯಾರಿಯರ್‌ನ ಬಾಲ ತಿರುಗ್ತಾ ಇರುತ್ತೆ, 400 ಆರ್‌ಪಿಎಂನಲ್ಲಿ ಅದು ಕಣ್ಣಿಗೆ ಕಾಣಲ್ಲ, ಕೈ ಆ ಕಡೆ ಹೋಗ್ಲೇಬಾರದು.

ಬೇರಿಂಗ್ ಕೂರಿಸೋವಾಗ ಸುತ್ತಿಗೆ ಹೊರಗಿನ ರಿಂಗ್‌ಗೆ ಬೀಳ್ಬಾರದು, ಬಾಲ್‌ಗಳು ಟ್ರ್ಯಾಕಲ್ಲಿ ಗುಳಿ ಹಾಕ್ತವೆ, ಹೊಸ ಬೇರಿಂಗ್ ಮೊದಲ ದಿನದಿಂದ್ಲೇ ಗೊರಗೊರ ಅನ್ನುತ್ತೆ. ಶಾಫ್ಟ್‌ನ ರಾತ್ರಿ ಫ್ರೀಝರ್‌ನಲ್ಲಿಡಿ, ಬೇರಿಂಗ್‌ನ 80 ಡಿಗ್ರಿ ತನಕ ಬಿಸಿ ಮಾಡಿ, ರಬ್ಬರ್ ಸೀಲ್ ಇರೋದನ್ನ ಅದಕ್ಕಿಂತ ಮೇಲೆ ಬೇಡ. ಶಾಫ್ಟ್ 0.009 ಕುಗ್ಗುತ್ತೆ, ಬೇರಿಂಗ್ 0.014 ಹಿಗ್ಗುತ್ತೆ, ಹಾಕಿದ ತಕ್ಷಣ ಜಾರಿಕೊಂಡು ಶೋಲ್ಡರ್‌ಗೆ ಹೋಗಿ ಕೂರುತ್ತೆ. ಶೋಲ್ಡರ್ ಮೂಲೇಲಿ ಒಂದು ಸಣ್ಣ ಗ್ರೂವ್ ಕೊಟ್ಟಿರಿ, ಇಲ್ಲಾಂದ್ರೆ ಟೂಲ್ ಮೂಗಿನ ರೇಡಿಯಸ್ ಅಲ್ಲಿ ಉಳಿದು ಬೇರಿಂಗ್ ಪೂರ್ತಿ ಒರಗಲ್ಲ.

ಸಡಿಲ ಆಗ್ಬಿಟ್ರೆ ಏನು ಅಂತ ಕೇಳ್ತೀರ. ನಮ್ಮ ಕಡೆ ಗ್ಯಾರೇಜ್‌ಗಳಲ್ಲಿ ಸೀಟ್ ಮೇಲೆ ಸೆಂಟರ್ ಪಂಚ್‌ನಿಂದ ಚುಕ್ಕೆ ಹೊಡೆದು ಉಬ್ಬಿಸಿ ಬೇರಿಂಗ್ ಗುದ್ದಿಬಿಡ್ತಾರೆ. ಪಂಪ್‌ಸೆಟ್ ಒಂದು ವಾರ ನಡೆಯುತ್ತೆ ಅಷ್ಟೆ, ಆ ಚುಕ್ಕೆಗಳು ಚಪ್ಪಟೆ ಆಗ್ತವೆ, ಬೇರಿಂಗ್ ಅಡ್ಡ ಕೂತಿರುತ್ತೆ ಬೇರೆ. 0.02, 0.03 ಸಡಿಲ ಇದ್ರೆ ಲಾಕ್‌ಟೈಟ್ 641 ಅಂಟು ಹಚ್ಚಿ, ಬೇರಿಂಗ್‌ಗೆ ಅಂತಲೇ ಇರೋದು, ಮುಂದೆ ಬೇಕಾದ್ರೆ ಪುಲ್ಲರ್‌ನಲ್ಲಿ ಬಿಚ್ಚೋಕೂ ಬರುತ್ತೆ. ಎರಡೂ ಕಡೆ ಎಣ್ಣೆ ಜಿಡ್ಡು ಪೂರ್ತಿ ಒರೆಸಿರ್ಬೇಕು, ಸೀಲ್ ಒಳಗೆ ಹೋಗದ ಹಾಗೆ ಶಾಫ್ಟ್‌ಗೆ ಹಚ್ಚಿ, ಬೇರಿಂಗ್‌ಗಲ್ಲ.

ಕೂರಿಸಿದ ಮೇಲೆ ಹೊರಗಿನ ರಿಂಗ್‌ನ ಕೈಯಲ್ಲಿ ತಿರುಗಿಸಿ ನೋಡಿ. ನುಣ್ಣಗೆ ಓಡಿದ್ರೆ ಸರಿ, ಭಾರ ಭಾರ ಅನ್ಸಿದ್ರೆ ಶಾಫ್ಟ್ ಜಾಸ್ತಿ ದಪ್ಪ ಆಗಿ ಬೇರಿಂಗ್ ಒಳಗಿನ ಕ್ಲಿಯರೆನ್ಸ್ ತಿಂದಿದೆ. ಆಗ ಶಾಫ್ಟ್ ಬಿಚ್ಚಿ ಅದೇ ಸೆಂಟರ್‌ಗಳ ಮೇಲೆ ಹಾಕಿ ಇನ್ನೊಂದು ಚೂರು ಎಮರಿ ಕೊಡಿ, ಇಲ್ಲಾ ಸಿ3 ಕ್ಲಿಯರೆನ್ಸ್ (ಒಳಗೆ ಸ್ವಲ್ಪ ಹೆಚ್ಚು ಸಡಿಲ) ಇರೋ 6204 ಕೇಳಿ ತನ್ನಿ, ಮೋಟರ್ ರಿವೈಂಡಿಂಗ್ ಮಾಡೋರು ಬೇರಿಂಗ್ ತಗೊಳ್ಳೋ ಅಂಗಡೀಲಿ ಅದು ಸಿಕ್ಕೇ ಸಿಗುತ್ತೆ.